ಸಣ್ಣ ಮಗುವಿನ ಬೇಸಿಗೆ ರಜೆ: ಶಿಬಿರವೋ, ಅಜ್ಜಿ ಊರೋ, ಈಜೋ, ಪ್ರವಾಸವೋ?

ಏಪ್ರಿಲ್ ಹತ್ತಿರ ಬಂತೆಂದರೆ ಸಣ್ಣ ಮಕ್ಕಳಿರುವ ಮನೆಗಳಲ್ಲಿ ಒಂದೇ ಚರ್ಚೆ. ಕ್ಯಾಂಪಿಗೆ ಸೇರಿಸೋಣವಾ? ಊರಿಗೆ ಕಳಿಸೋಣವಾ? ಈಜು ಕಲಿಸೋಣವಾ? ಎಲ್ಲರೂ ಸೇರಿ ಎಲ್ಲಾದರೂ ಹೋಗಿ ಬರೋಣವಾ? ನಮ್ಮ ರಾಜ್ಯದ ಹೆಚ್ಚಿನ ಶಾಲೆಗಳಿಗೆ ಏಪ್ರಿಲ್ ಎರಡನೇ ವಾರದ ಹೊತ್ತಿಗೆ ರಜೆ ಶುರುವಾಗಿ ಮೇ ಕೊನೆಯವರೆಗೂ ನಡೆಯುತ್ತದೆ. ಎಲ್‌ಕೆಜಿ, ಯುಕೆಜಿ ಮಕ್ಕಳಿಗೆ ಮಾರ್ಚ್‌ನಲ್ಲೇ ಬಾಗಿಲು ಹಾಕುವ ಶಾಲೆಗಳೂ ಇವೆ. ಅಷ್ಟು ವಾರಗಳನ್ನು ಒಂದೇ ಉಪಾಯದಲ್ಲಿ ತುಂಬಿಸಲು ಆಗುವುದಿಲ್ಲ. ಯಾವುದನ್ನು ಎಷ್ಟು ಆರಿಸಿಕೊಳ್ಳಬೇಕು ಅನ್ನುವುದೇ ಇಲ್ಲಿನ ವಿಷಯ.

ನಾನು ಬರೆಯುತ್ತಿರುವುದು ಮೂರರಿಂದ ಆರು ವರ್ಷದ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು. ಹತ್ತು ವರ್ಷದ ಹುಡುಗನಿಗೆ ಚೆಸ್, ಕ್ರಿಕೆಟ್ ಕೋಚಿಂಗ್, ನಾಟಕ ಶಿಬಿರ ಎಲ್ಲವೂ ಹಿಡಿಸಬಹುದು. ಐದು ವರ್ಷದ ಮಗುವಿನ ಲೆಕ್ಕವೇ ಬೇರೆ. ಬೇಗ ದಣಿಯುತ್ತದೆ. ಇಷ್ಟವಾದದ್ದನ್ನು ಮತ್ತೆ ಮತ್ತೆ ಮಾಡಬೇಕು ಅನ್ನುತ್ತದೆ. ಹಸಿವಾದರೆ ಹಸಿವು ಅನ್ನುವುದಿಲ್ಲ, ಹಟ ಮಾಡುತ್ತದೆ. ಹಾಗಾಗಿ ಯಾವುದೇ ಆಯ್ಕೆ ಬಂದರೂ ನಾನು ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಅದು ದಿನದ ಯಾವ ಹೊತ್ತಿನಲ್ಲಿ ನಡೆಯುತ್ತದೆ? ಆ ಹೊತ್ತಿನಲ್ಲಿ ಮಗುವಿನ ಜೊತೆ ಬಿಡುವಾಗಿ ಇರುವವರು ಯಾರು? ಇವೆರಡಕ್ಕೆ ಉತ್ತರ ಚೆನ್ನಾಗಿದ್ದರೆ ಸಾಧಾರಣ ಆಯ್ಕೆಯೂ ಒಳ್ಳೆಯದಾಗುತ್ತದೆ. ಉತ್ತರ ಸರಿ ಇಲ್ಲದಿದ್ದರೆ ದುಬಾರಿ ಕ್ಯಾಂಪೂ ವ್ಯರ್ಥ.

ಮೊದಲು ಗಡಿಯಾರ, ಆಮೇಲೆ ಆಯ್ಕೆ

ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ಜೊತೆಗೆ ವಿಜಯಪುರ, ಬಾಗಲಕೋಟೆಗಳಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳ ಹೊತ್ತೇ ಬದಲಾಗುತ್ತದೆ. ಬೆಳಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ದೊಡ್ಡವರಿಗೇ ಈ ಏರ್ಪಾಡು ಬೇಕು ಅಂದಮೇಲೆ ಸಣ್ಣ ಮಗುವಿಗೆ ಬೇಡವಾ? ಬೆಂಗಳೂರು ತಂಪು ಅನ್ನುವ ನಂಬಿಕೆಯಲ್ಲೂ ಇರಬೇಡಿ. 2016ರ ಏಪ್ರಿಲ್‌ನಲ್ಲಿ ಇಲ್ಲಿ 39.2 ಡಿಗ್ರಿ ದಾಖಲಾಗಿದೆ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಲೆಕ್ಕ ಇಲ್ಲಿ ನೆರವಿಗೆ ಬರುತ್ತದೆ. ಮೂರು, ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಕಡಿಮೆ ಅಂದರೂ ಮೂರು ಗಂಟೆ ಓಡಾಡುತ್ತಾ, ಆಡುತ್ತಾ ಇರಬೇಕು. ಅದರಲ್ಲಿ ಒಂದು ಗಂಟೆಯಾದರೂ ಏದುಸಿರು ಬರುವಂಥ ಆಟ ಇರಬೇಕು. ಮಧ್ಯಾಹ್ನದ್ದೂ ಸೇರಿ 10ರಿಂದ 13 ಗಂಟೆ ನಿದ್ದೆ ಬೇಕು. ಟಿವಿ, ಮೊಬೈಲ್ ಒಂದು ಗಂಟೆ ದಾಟಬಾರದು. ಇದನ್ನು ನಮ್ಮ ಬೇಸಿಗೆಗೆ ಕೂರಿಸಿದರೆ ದಿನ ತಾನೇ ಮೂರು ಭಾಗವಾಗುತ್ತದೆ. ಬೆಳಗ್ಗೆ ಆರೂವರೆಯಿಂದ ಒಂಬತ್ತೂವರೆ ಹೊರಗಿನ ಹೊತ್ತು. ಹನ್ನೊಂದರಿಂದ ನಾಲ್ಕು ನೆರಳಿನ ಹೊತ್ತು. ಐದರ ಮೇಲೆ ಮತ್ತೆ ಹೊರಗೆ. ಇನ್ನು ಮುಂದೆ ಹೇಳುವ ಒಂದೊಂದು ಆಯ್ಕೆಯನ್ನೂ ಈ ಮೂರು ಭಾಗಗಳಲ್ಲಿ ಎಲ್ಲಿ ಕೂರುತ್ತದೆ ಅಂತ ನೋಡಿ.

ಅಜ್ಜಿ ಊರು

ನನ್ನನ್ನು ಕೇಳಿದರೆ ಮೊದಲ ಮತ ಇದಕ್ಕೇ. ಊರು ಅಂತ ಒಂದಿದ್ದರೆ, ಅಲ್ಲಿ ಅಜ್ಜಿ ತಾತ ಆರೋಗ್ಯವಾಗಿದ್ದರೆ, ಸಣ್ಣ ಮಗುವಿಗೆ ಇದಕ್ಕಿಂತ ಒಳ್ಳೆಯ ಶಿಬಿರ ಇಲ್ಲ. ಅಲ್ಲಿ ಯಾರೂ ಮಗುವಿಗೆ ಅಂತ ಚಟುವಟಿಕೆ ತಯಾರಿಸುವುದಿಲ್ಲ. ಮನೆಯ ಕೆಲಸವೇ ಚಟುವಟಿಕೆ. ಹಪ್ಪಳ ಒತ್ತುವಾಗ ಮಗುವಿಗೂ ಒಂದು ಉಂಡೆ ಸಿಗುತ್ತದೆ. ಸಂಡಿಗೆ ಒಣಗಿಸಿದಾಗ ಕಾಗೆ ಓಡಿಸುವ ಕೆಲಸ ಸಿಗುತ್ತದೆ. ಮಲೆನಾಡಿನ ಮನೆಯಾದರೆ ಹಲಸಿನ ತೊಳೆ ಬಿಡಿಸುವುದನ್ನು ನೋಡುತ್ತಾ ಕೂರಬಹುದು. ಕರಾವಳಿಯಾದರೆ ಗೇರುಹಣ್ಣು, ಪುನರ್ಪುಳಿ. ಬಯಲುಸೀಮೆಯಾದರೆ ಮಾವು, ಹುಣಸೆ, ಊರ ಜಾತ್ರೆ. ಬೆಳಗ್ಗೆ ಕರುವಿಗೆ ಹುಲ್ಲು ಹಾಕಿದ ಮಗು ಸಂಜೆಯೂ ಹಾಕುತ್ತೇನೆ ಅನ್ನುತ್ತದೆ, ನಾಳೆಯೂ ಅನ್ನುತ್ತದೆ. ಈ ವಯಸ್ಸಿಗೆ ಬೇಕಾದದ್ದು ಈ ಪುನರಾವರ್ತನೆಯೇ.

ಭಾಷೆಯ ಲಾಭ ಇನ್ನೂ ದೊಡ್ಡದು. ಬೆಂಗಳೂರಿನಲ್ಲೋ ಪುಣೆಯಲ್ಲೋ ದುಬೈಯಲ್ಲೋ ಬೆಳೆಯುವ ಮಗು ಮನೆಯ ನಾಲ್ಕು ಜನರ ಕನ್ನಡವನ್ನಷ್ಟೇ ಕೇಳಿರುತ್ತದೆ. ಊರಿನಲ್ಲಿ ಹಾಲು ಹಾಕುವವರು, ಪಕ್ಕದ ಮನೆಯ ದೊಡ್ಡಮ್ಮ, ಬಸ್ ಕಂಡಕ್ಟರ್, ಓರಗೆಯ ಮಕ್ಕಳು ಎಲ್ಲರೂ ಮಾತಾಡಿಸುತ್ತಾರೆ. ಎರಡು ವಾರದಲ್ಲಿ ಮಗುವಿನ ಮಾತು ಬದಲಾಗಿರುವುದು ನಿಮಗೇ ಕಿವಿಗೆ ಬೀಳುತ್ತದೆ.

ಆದರೆ ಇದನ್ನು ಪುಕ್ಕಟೆ ಕ್ಯಾಂಪ್ ಅಂದುಕೊಳ್ಳಬೇಡಿ. ಅಜ್ಜಿಗೆ ಮಂಡಿ ನೋವಿದೆಯಾ, ಮಧ್ಯಾಹ್ನ ಮಲಗುವ ಅಭ್ಯಾಸ ಇದೆಯಾ, ತಾತ ಮಾತ್ರೆ ತೆಗೆದುಕೊಳ್ಳುತ್ತಾರಾ, ಮೊದಲು ಬಾಯಿಬಿಟ್ಟು ಕೇಳಿ. "ಬರಲಿ ಬಿಡಮ್ಮಾ, ಮಗು ಏನು ಭಾರ" ಅಂತಲೇ ಅವರು ಹೇಳುತ್ತಾರೆ. ಅಷ್ಟಕ್ಕೇ ಸುಮ್ನೆ ಆಗಬೇಡಿ. ಮೂರು ನಾಲ್ಕು ವರ್ಷದ ಮಗುವಾದರೆ ಅಪ್ಪನೋ ಅಮ್ಮನೋ ಒಬ್ಬರು ಜೊತೆಯಲ್ಲೇ ಇರುವುದು ಒಳ್ಳೆಯದು. ಐದಾರು ವರ್ಷದ ಮಗುವನ್ನು ಮೊದಲ ಕೆಲವು ದಿನ ಜೊತೆಗಿದ್ದು ಹೊಂದಿಸಿ, ಆಮೇಲೆ ಒಂದು ವಾರ ಬಿಟ್ಟು ಬರಬಹುದು. ಎಲ್ಲ ವರ್ಷವೂ ಅಮ್ಮನೇ ರಜೆ ಹಾಕಬೇಕು ಅಂತಿಲ್ಲ. ಅಪ್ಪ ತನ್ನ ಊರಿಗೆ ಮಗುವನ್ನು ಒಬ್ಬನೇ ಕರೆದುಕೊಂಡು ಹೋಗಿ ಒಂದು ವಾರ ಇದ್ದು ಬಂದರೆ ಇಬ್ಬರಿಗೂ ಅದು ಬೇರೆಯೇ ರಜೆ.

ಅಪಾಯಗಳ ಬಗ್ಗೆ ಬಿಡಿಸಿ ಹೇಳಲೇಬೇಕು. ಊರು ತಲುಪಿದ ದಿನವೇ ಮನೆ ಸುತ್ತ ಒಂದು ಸುತ್ತು ಹಾಕಿ. ಬಾವಿಗೆ ಕಟ್ಟೆ ಇದೆಯಾ, ಸಂಪಿನ ಮುಚ್ಚಳ ಭದ್ರವಾ, ಹತ್ತಿರ ಕಾಲುವೆ ಇದೆಯಾ ನೋಡಿ. ಇತ್ತೀಚೆಗೆ ಹೊಲಗಳಲ್ಲಿ ಕೃಷಿ ಹೊಂಡಗಳು ಹೆಚ್ಚಿವೆ. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡದ ಬದಿ ಜಾರುತ್ತದೆ, ಬಿದ್ದರೆ ದೊಡ್ಡವರೂ ಹತ್ತಲು ಕಷ್ಟ. ಬೇಲಿ ಇಲ್ಲದ ಹೊಂಡ ಇರುವ ಹೊಲಕ್ಕೆ ಸಣ್ಣ ಮಗುವನ್ನು ಕೈ ಬಿಟ್ಟು ಕರೆದುಕೊಂಡು ಹೋಗಲೇಬೇಡಿ. ಕೀಟನಾಶಕದ ಡಬ್ಬ, ಸೀಮೆಎಣ್ಣೆ ಬಾಟಲಿ ಕೈಗೆಟುಕದ ಕಡೆ ಇಡಿಸಿ. ನಾಯಿ ಕಚ್ಚಿದರೆ, ಪರಚಿದರೂ ಸರಿ, ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆದು ಅದೇ ದಿನ ಲಸಿಕೆಗೆ ಹೋಗಿ. ಅರಿಶಿನ, ಸುಣ್ಣ ಹಚ್ಚಿ ಕಾಯಬೇಡಿ. ಹಾವು ಕಚ್ಚಿದರೆ ನಾಟಿ ಔಷಧಿಗೆ ಓಡಾಡದೆ ನೇರ ಆಸ್ಪತ್ರೆಗೆ. ಹತ್ತಿರದ ಸರ್ಕಾರಿ ಆಸ್ಪತ್ರೆ ಎಷ್ಟು ದೂರ ಅಂತ ಹೋಗುವ ಮುಂಚೆಯೇ ತಿಳಿದಿರಲಿ.

ಮಳೆಯ ಮಾತೂ ಇದೆ. ಭರಣಿ ಮಳೆ ಬಂದರೆ ಧರಣಿ ಎಲ್ಲ ಬೆಳೆ ಅನ್ನುತ್ತಾರೆ ಹಿರಿಯರು. ಏಪ್ರಿಲ್ ಕೊನೆ, ಮೇ ಮೊದಲ ವಾರದ ಆ ಮಳೆ ಸಂಜೆ ಹೊತ್ತು ಸಿಡಿಲನ್ನೂ ತರುತ್ತದೆ. ಮೋಡ ಕಟ್ಟಿದರೆ ಬಯಲಿನಲ್ಲೂ ಮರದಡಿಯಲ್ಲೂ ನಿಲ್ಲದೆ ಮಗುವಿನ ಜೊತೆ ಮನೆಯೊಳಗೆ ಬಂದುಬಿಡಿ.

ಕೆಲವರು ಅಜ್ಜಿಯನ್ನೇ ನಗರಕ್ಕೆ ಕರೆಸಿಕೊಳ್ಳುತ್ತಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಅಜ್ಜಿಗೆ ಟಿಕೆಟ್ಟಿನ ಖರ್ಚೂ ಇಲ್ಲ. ಇದು ಅನುಕೂಲವೇ. ಆದರೆ ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಪರಿಚಯದವರಿಲ್ಲದೆ, ಇಡೀ ದಿನ ಒಂದು ಚುರುಕು ಮಗುವಿನ ಜೊತೆ ಇರುವುದು ಅಜ್ಜಿಗೆ ತುಂಬಾ ದಣಿವಿನ ಕೆಲಸ. ಮಗು ಅಜ್ಜಿಯ ಅಂಗಳದಲ್ಲಿದ್ದರೆ ಹತ್ತು ಕಣ್ಣು ನೋಡಿಕೊಳ್ಳುತ್ತವೆ. ಎರಡೂ ಸಾಧ್ಯ ಅಂದರೆ ಮಗುವೇ ಊರಿಗೆ ಹೋಗಲಿ.

ಸಮ್ಮರ್ ಕ್ಯಾಂಪ್

ಈಗ ಕ್ಯಾಂಪ್. ಬೀದಿ ಬೀದಿಯಲ್ಲೂ ಬ್ಯಾನರ್ ಕಾಣುತ್ತದೆ. ಚಿತ್ರಕಲೆ, ಜೇಡಿಮಣ್ಣು, ಯೋಗ, ಡ್ಯಾನ್ಸ್, ಅಡುಗೆ, ರೋಬೋಟ್ ಎಲ್ಲ ಒಂದೇ ಕಡೆ. ಸಣ್ಣ ಮಗುವಿನ ವಿಷಯದಲ್ಲಿ ಈ ಪಟ್ಟಿಗೆ ನಾನು ಬೆಲೆ ಕೊಡುವುದಿಲ್ಲ. ಎರಡು ವಾರದಲ್ಲಿ ಹನ್ನೆರಡು ವಿಷಯ ಕಲಿಸುತ್ತೇವೆ ಅನ್ನುವ ಕ್ಯಾಂಪಿಗಿಂತ ಮಣ್ಣು, ಬಣ್ಣ, ಹಾಡು, ಕಥೆ ಇಷ್ಟನ್ನೇ ನಿಧಾನವಾಗಿ ಮಾಡಿಸುವ ಕ್ಯಾಂಪ್ ಮೇಲು.

ಮೂರು, ಮೂರೂವರೆ ವರ್ಷದ ಮಗುವಿಗೆ ಹೊಸ ಜಾಗ, ಹೊಸ ಟೀಚರ್, ಹೊಸ ಮಕ್ಕಳು ಅಂದರೆ ಮೊದಲ ವಾರ ಅಳುವಿನಲ್ಲೇ ಹೋಗಬಹುದು. ಹೊಂದಿಕೊಳ್ಳುವ ಹೊತ್ತಿಗೆ ಕ್ಯಾಂಪೇ ಮುಗಿಯುತ್ತದೆ. ಆ ವಯಸ್ಸಿಗೆ ತಾನು ಹೋಗುತ್ತಿರುವ ಪ್ಲೇಹೋಮ್ ರಜೆಯಲ್ಲೂ ತೆರೆದಿದ್ದರೆ ಅದೇ ಒಳ್ಳೆಯದು. ಐದು ತುಂಬಿದ ಮಗುವಿಗೆ, ಅದರಲ್ಲೂ ಅಕ್ಕಪಕ್ಕದ ಒಬ್ಬ ಗೆಳೆಯ ಜೊತೆಗಿದ್ದರೆ, ಬೆಳಗಿನ ಎರಡೂವರೆ ಗಂಟೆಯ ಕ್ಯಾಂಪ್ ಖುಷಿ ಕೊಡುತ್ತದೆ. ಇಡೀ ದಿನದ ಕ್ಯಾಂಪ್ ಆದರೆ, ಮಗುವನ್ನು ನೋಡಿಕೊಳ್ಳುವವರು ಬೇರೆ ಯಾರೂ ಇಲ್ಲದಿದ್ದರೆ ಮಾತ್ರ.

ಹಣ ಕಟ್ಟುವ ಮುಂಚೆ ಒಮ್ಮೆ ಹೋಗಿ ನೋಡಿ ಬನ್ನಿ. ಫೋನಿನಲ್ಲಿ ಎಲ್ಲವೂ ಚೆನ್ನಾಗಿಯೇ ಕೇಳಿಸುತ್ತದೆ. ಕೋಣೆಗೆ ಗಾಳಿ ಬರುತ್ತದೆಯಾ, ಶೀಟಿನ ಚಾವಣಿಯಾ ನೋಡಿ. ಶೀಟ್ ಆದರೆ ಹನ್ನೊಂದು ಗಂಟೆಗೆ ಒಲೆ ಮುಂದೆ ಕೂತ ಹಾಗಾಗುತ್ತದೆ. ಟಾಯ್ಲೆಟ್ ಎಲ್ಲಿದೆ, ಮಗುವನ್ನು ಅಲ್ಲಿಗೆ ಕರೆದುಕೊಂಡು ಹೋಗುವವರು ಯಾರು, ಅವರ ಪೊಲೀಸ್ ಪರಿಶೀಲನೆ ಆಗಿದೆಯಾ ಅಂತ ಮುಜುಗರ ಇಲ್ಲದೆ ಕೇಳಿ. ಮಗುವನ್ನು ಯಾರ ಕೈಗೆ ಒಪ್ಪಿಸುತ್ತಾರೆ ಅನ್ನುವುದೂ ಮುಖ್ಯ. ಎಷ್ಟು ಮಕ್ಕಳಿಗೆ ಎಷ್ಟು ಜನ ದೊಡ್ಡವರು? ನಾಲ್ಕರ ಮಗುವನ್ನೂ ಹನ್ನೊಂದರ ಮಗುವನ್ನೂ ಒಂದೇ ಗುಂಪಿಗೆ ಹಾಕುತ್ತಾರಾ? ಹಾಗಾದರೆ ಬೇಡ. ದೊಡ್ಡ ಮಕ್ಕಳು ಆಡುತ್ತಾರೆ, ಚಿಕ್ಕವು ಮೂಲೆಯಲ್ಲಿ ಕೂರುತ್ತವೆ. ವಾರದ ಲೆಕ್ಕದಲ್ಲಿ ಹಣ ಕಟ್ಟಲು ಬಿಡುತ್ತಾರಾ ಕೇಳಿ. ಒಂದು ದಿನ ಸುಮ್ನೆ ಕೂರಿಸಿ ನೋಡಲು ಒಪ್ಪುವವರಿದ್ದರೆ ಅವರಿಗೆ ಆದ್ಯತೆ ಕೊಡಿ. ಮಕ್ಕಳ ಫೋಟೋ ಎಲ್ಲೆಂದರಲ್ಲಿ ಹಾಕುತ್ತಾರಾ ಅನ್ನುವುದನ್ನೂ ವಿಚಾರಿಸಿ, ಬೇಡ ಅನ್ನುವುದು ನಿಮ್ಮ ಹಕ್ಕು.

ಸರ್ಕಾರಿ ಮತ್ತು ರಂಗಸಂಸ್ಥೆಗಳ ಶಿಬಿರಗಳನ್ನು ಮರೆಯಬೇಡಿ. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿರುವ ಬಾಲ ಭವನ ಬೇಸಿಗೆ ಶಿಬಿರ ನಡೆಸುತ್ತದೆ. ಐದು ದಾಟಿದ ಮಕ್ಕಳಿಗೆ ಅದು ಸರಿಹೊಂದುತ್ತದೆ. ಸುತ್ತ ಮರ, ಆಟದ ಬಯಲು, ಜೊತೆಗೆ ಮಕ್ಕಳ ಗ್ರಂಥಾಲಯ. ಮೈಸೂರಿನ ರಂಗಾಯಣದ ಚಿಣ್ಣರ ಮೇಳ ಬಹಳ ಹೆಸರಾದದ್ದು. 1989ರಲ್ಲಿ ಬಿ.ವಿ. ಕಾರಂತರು ಕಟ್ಟಿದ ಸಂಸ್ಥೆ ಅದು. ಮೇಳಕ್ಕೆ ಸೇರಲು ಎಂಟು ವರ್ಷ ಆಗಿರಬೇಕು, ಹಾಗಾಗಿ ನಿಮ್ಮ ಮಗುವಿಗೆ ಇನ್ನೂ ಹೊತ್ತಿದೆ. ಕೊನೆಯಲ್ಲಿ ಆ ಮಕ್ಕಳು ಆಡುವ ನಾಟಕಗಳನ್ನು ತೋರಿಸಲು ಮಾತ್ರ ಕರೆದುಕೊಂಡು ಹೋಗಿ. ತನ್ನಂಥ ಮಕ್ಕಳು ರಂಗದ ಮೇಲೆ ಹುಲಿಯಾಗಿ, ಮರವಾಗಿ ನಿಂತದ್ದನ್ನು ನೋಡಿದ ಮಗು ಮನೆಗೆ ಬಂದು ಅದನ್ನೇ ಆಡುತ್ತದೆ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲೂ, ಅಂದರೆ ಅರಿವು ಕೇಂದ್ರಗಳಲ್ಲೂ, ರಜೆಯಲ್ಲಿ ಶಿಬಿರ ನಡೆಯುತ್ತವೆ. ಅವು ಸ್ವಲ್ಪ ದೊಡ್ಡ ಮಕ್ಕಳಿಗೆ. ಅಣ್ಣ ಅಕ್ಕ ಹೋಗುವಾಗ ತಮ್ಮನೋ ತಂಗಿಯೋ ಜೊತೆಗೆ ಹೋಗಿ ಚಿತ್ರದ ಪುಸ್ತಕ ನೋಡಿ ಬರಬಹುದು.

ಈಜು

ಬೇಸಿಗೆಯಲ್ಲಿ ಏನಾದರೂ ಒಂದು ವಿದ್ಯೆ ಕಲಿಸಲೇಬೇಕು ಅಂತ ಮನಸ್ಸಿದ್ದರೆ ಈಜನ್ನು ಆರಿಸಿ. ಡ್ಯಾನ್ಸು, ಚಿತ್ರಕಲೆ ಯಾವಾಗಲಾದರೂ ಕಲಿಯಬಹುದು. ಕೆರೆ, ಹೊಳೆ, ಕಡಲು ಇರುವ ನಾಡಿನಲ್ಲಿ ಈಜು ಜೀವ ಉಳಿಸುವ ವಿದ್ಯೆ. ಹೆಚ್ಚಿನ ಮಕ್ಕಳು ನಾಲ್ಕು ವರ್ಷದ ಹೊತ್ತಿಗೆ ಪಾಠಕ್ಕೆ ತಯಾರಾಗಿರುತ್ತಾರೆ. ಅದಕ್ಕಿಂತ ಸಣ್ಣವರು ಅಪ್ಪ ಅಮ್ಮನ ಜೊತೆ ನೀರಿಗಿಳಿದು ಭಯ ಬಿಟ್ಟರೆ ಸಾಕು.

ಬೆಳಗಿನ ಬ್ಯಾಚ್ ಹುಡುಕಿ. ಹತ್ತು ಗಂಟೆಯ ಮೇಲೆ ತೆರೆದ ಕೊಳದಲ್ಲಿ ಮೈ ಸುಡುತ್ತದೆ. ಹಲವು ಜಿಲ್ಲಾ ಕೇಂದ್ರಗಳಲ್ಲಿ ಸರ್ಕಾರದ ಈಜುಕೊಳಗಳಿವೆ, ಅಲ್ಲಿ ಶುಲ್ಕ ಕಡಿಮೆ, ಗದ್ದಲ ಜಾಸ್ತಿ. ಸಣ್ಣ ಮಕ್ಕಳಿಗೆ ಬೇರೆ ತಗ್ಗು ಕೊಳ ಇದೆಯಾ, ಕೋಚ್ ತಾವೇ ನೀರಿಗಿಳಿಯುತ್ತಾರಾ, ದಡದಲ್ಲಿ ನಿಂತು ಸೀಟಿ ಊದುತ್ತಾರಾ ನೋಡಿ. ಐದು ವರ್ಷದ ಮಗುವಿಗೆ ನೀರಿಗಿಳಿಯುವ ಕೋಚ್ ಬೇಕು. ಮಗುವನ್ನು ಎತ್ತಿ ಆಳಕ್ಕೆ ಎಸೆದು ಭಯ ಬಿಡಿಸುತ್ತೇವೆ ಅನ್ನುವವರಿಂದ ದೂರ ಇರಿ. ಹಿಂದೆ ಊರ ಬಾವಿಗಳಲ್ಲಿ ಒಣಗಿದ ಸೋರೆ ಬುರುಡೆ ಕಟ್ಟಿ ಈಜು ಕಲಿಸುತ್ತಿದ್ದರು, ಈಗ ತೋಳಿಗೆ ಗಾಳಿ ಚೀಲ ಬಂದಿದೆ. ಯಾವುದನ್ನು ಕಟ್ಟಿದರೂ ದೊಡ್ಡವರು ಕೈಗೆಟುಕುವಷ್ಟು ಹತ್ತಿರದಲ್ಲಿ, ನೀರಿನಲ್ಲೇ ಇರಬೇಕು. ಮೊಬೈಲ್ ಚೀಲದಲ್ಲಿರಲಿ. ಒಂದು ರಜೆಯಲ್ಲಿ ಮಗು ಪೂರ್ತಿ ಈಜು ಕಲಿಯದಿದ್ದರೆ ಬೇಸರ ಬೇಡ. ಮುಖ ಮುಳುಗಿಸಿ ಉಸಿರು ಬಿಡುವುದು, ತೇಲುವುದು, ದಡ ಹಿಡಿಯುವುದು ಬಂದರೆ ಈ ವರ್ಷಕ್ಕೆ ಅಷ್ಟು ಸಾಕು.

ಒಂದು ದಿನದ ಸುತ್ತಾಟ

ಇಲ್ಲಿ ಬೆಳಗಿನ ಜಾಗ, ಮಧ್ಯಾಹ್ನದ ಜಾಗ ಅಂತ ಬೇರೆ ಮಾಡಿಕೊಂಡರೆ ಅರ್ಧ ಕೆಲಸ ಮುಗಿಯಿತು.

ಪ್ರಾಣಿಗಳು ಬೆಳಗಿಗೆ. ಮೈಸೂರಿನ ಮೃಗಾಲಯ 1892ರಷ್ಟು ಹಳೆಯದು, ದೊಡ್ಡ ಮರಗಳ ನೆರಳಿದೆ. ಬಾಗಿಲು ತೆರೆಯುವ ಎಂಟೂವರೆಗೇ ಒಳಗೆ ಹೋಗಿ. ಮಧ್ಯಾಹ್ನ ಹುಲಿಯೂ ಮಲಗಿರುತ್ತದೆ, ನಿಮ್ಮ ಮಗುವೂ ತೂಕಡಿಸುತ್ತದೆ. ನಡೆಯುವ ದಾರಿ ಉದ್ದ, ಬ್ಯಾಟರಿ ಗಾಡಿ ಸಿಗುತ್ತದೆ, ಮುಜುಗರ ಪಡದೆ ಹತ್ತಿ. ಮಂಗಳವಾರ ಬಾಗಿಲು ಹಾಕಿರುತ್ತದೆ. ಬನ್ನೇರುಘಟ್ಟಕ್ಕೂ ಮಂಗಳವಾರವೇ ರಜೆ. ಎರಡರಲ್ಲಿ ಒಂದು ಅಂದರೆ ಸಣ್ಣ ಮಗುವಿಗೆ ನಾನು ಮೈಸೂರನ್ನೇ ಹೇಳುತ್ತೇನೆ. ಬನ್ನೇರುಘಟ್ಟದ ಸಫಾರಿಗೆ ಸಾಲಿನಲ್ಲಿ ಕಾಯಬೇಕಾಗಬಹುದು, ಬಸ್ಸಿನ ಕಿಟಕಿಯಿಂದ ನೋಡುವಷ್ಟರಲ್ಲಿ ಪ್ರಾಣಿ ಹಿಂದೆ ಸರಿದಿರುತ್ತದೆ. ಮೈಸೂರಿನಲ್ಲಿ ಜಿರಾಫೆ ಮುಂದೆ ಮಗು ನಿಲ್ಲುವಷ್ಟು ಹೊತ್ತು ನೀವೂ ನಿಲ್ಲಬಹುದು. ಶಿವಮೊಗ್ಗದ ಕಡೆಯವರಿಗೆ ಸಕ್ರೆಬೈಲು ಆನೆ ಬಿಡಾರ ಇದೆ. ಬೆಳಗ್ಗೆ ಆನೆಗಳನ್ನು ತುಂಗೆಯ ನೀರಿಗಿಳಿಸಿ ಮೈ ತೊಳೆಯುತ್ತಾರೆ. ಈ ವಯಸ್ಸಿನ ಮಗುವಿಗೆ ಇದಕ್ಕಿಂತ ಒಳ್ಳೆಯ ಬೆಳಗು ಸಿಗುವುದು ಕಷ್ಟ.

ಮಧ್ಯಾಹ್ನಕ್ಕೆ ಚಾವಣಿ ಇರುವ ಜಾಗ. ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ಗುಂಡಿ ಒತ್ತಿ, ಹಿಡಿಕೆ ತಿರುಗಿಸಿ ನೋಡುವ ಯಂತ್ರಗಳಿವೆ. ತತ್ವ ಅರ್ಥವಾಗದಿದ್ದರೂ ತಿರುಗಿಸುವ ಖುಷಿ ಸಿಗುತ್ತದೆ. ಎಲ್ಲ ಮಹಡಿ ನೋಡಿ ಮುಗಿಸುವ ಹಟ ಬೇಡ. ತಾರಾಲಯದ ವಿಷಯ ಬೇರೆ. ಕತ್ತಲಿಗೆ ಹೆದರುವ ಮಗುವಾದರೆ ಆರು ತುಂಬಲಿ, ಆಮೇಲೆ ಹೋಗಿ. ಅಲ್ಲಿ ಕನ್ನಡದ ಪ್ರದರ್ಶನವೂ ಇರುತ್ತದೆ, ಹೊತ್ತು ಕೇಳಿಕೊಂಡು ಹೊರಡಿ. ಸೋಮವಾರ ರಜೆ. ಬಾಲ ಭವನದ ಪುಟಾಣಿ ರೈಲು ನಡೆಯುತ್ತಿದೆಯಾ ಅಂತಲೂ ಮೊದಲೇ ವಿಚಾರಿಸಿ, ಅದನ್ನೇ ನೆನೆದುಕೊಂಡು ಬಂದ ಮಗುವಿಗೆ ನಿರಾಸೆ ಆಗಬಾರದು.

ಲಾಲ್‌ಬಾಗ್ ಮುಂಜಾನೆಗೇ ಚೆಂದ. ಅಲ್ಲಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು, ಮಗುವಿಗೆ ಮಾತ್ರ ಅದು ಹತ್ತಿ ಇಳಿಯುವ ಗುಡ್ಡ. ಮಾಲ್, ವಾಟರ್ ಪಾರ್ಕ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಾಟರ್ ಪಾರ್ಕಿನ ದೊಡ್ಡ ಆಟಗಳಿಗೆ ಎತ್ತರದ ಮಿತಿ ಇರುತ್ತದೆ. ಸಣ್ಣ ಮಗುವಿಗೆ ಸಿಗುವುದು ತಗ್ಗು ಕೊಳ ಒಂದೇ, ಅದೂ ನಡುಬಿಸಿಲಿನಲ್ಲಿ. ಕೊಟ್ಟ ದುಡ್ಡಿಗೆ ಹೋಲಿಸಿದರೆ ಲಾಭ ಇಲ್ಲ.

ಪ್ರವಾಸ: ಬೆಟ್ಟವೋ, ಕಡಲೋ

ಬಿಸಿಲು ಅಂದಕೂಡಲೇ ಎಲ್ಲರ ಮನಸ್ಸೂ ಮಡಿಕೇರಿ, ಚಿಕ್ಕಮಗಳೂರು ಕಡೆ ಓಡುತ್ತದೆ. ತಂಪು ನಿಜ. ಆದರೆ ಸಣ್ಣ ಮಗುವಿಗೆ ವ್ಯೂ ಪಾಯಿಂಟ್ ಬೇಡ. ತಿರುವು ರಸ್ತೆಯಲ್ಲಿ ವಾಂತಿ, ಮೇಲೆ ಹೋದರೆ ಕಾರುಗಳ ಸಾಲು, ಅಲ್ಲಿ ಐದು ನಿಮಿಷ ನಿಂತು ಫೋಟೋ, ಮತ್ತೆ ಕಾರು. ಬೆಟ್ಟಕ್ಕೆ ಹೋಗುವುದಾದರೆ ಒಂದೇ ಹೋಮ್‌ಸ್ಟೇಯಲ್ಲಿ ಮೂರು ದಿನ ಇದ್ದುಬಿಡಿ. ಅಂಗಳ, ನಾಯಿ, ತೊರೆ, ಕಾಫಿ ತೋಟದ ದಾರಿ ಇದ್ದರೆ ಮಗುವಿಗೆ ಬೇರೇನೂ ಬೇಕಾಗುವುದಿಲ್ಲ. ಜೋಗಕ್ಕೆ ಮೇ ತಿಂಗಳಲ್ಲಿ ಹೋಗಬೇಡಿ, ಬಂಡೆ ಮೇಲೆ ನೂಲಿನಷ್ಟು ನೀರಿರುತ್ತದೆ. ಅದನ್ನು ಮಳೆಗಾಲಕ್ಕೆ ಇಡಿ.

ಕಡಲು ಬೇರೆ ಥರ. ಸೆಕೆ ವಿಪರೀತ, ಬೆವರು ಇಳಿಯುತ್ತಲೇ ಇರುತ್ತದೆ. ಆದರೂ ಮೂರು ವರ್ಷದ ಮಗುವಿನ ಮಟ್ಟಿಗೆ ಮರಳೇ ಎಲ್ಲಕ್ಕಿಂತ ದೊಡ್ಡ ಆಟಿಕೆ. ಒಂದು ಡಬ್ಬ, ಒಂದು ಚಮಚ ಕೊಟ್ಟರೆ ಗಂಟೆಗಟ್ಟಲೆ ಆಡುತ್ತದೆ. ಹಾಗಾಗಿ ಎರಡರಲ್ಲಿ ಒಂದು ಅಂದರೆ ನನ್ನ ಆಯ್ಕೆ ಕಡಲು, ಏಪ್ರಿಲ್‌ನಲ್ಲಿ. ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡು ತೀರಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಜೀವರಕ್ಷಕರು, ಸ್ನಾನದ ಕೋಣೆ, ಸ್ವಚ್ಛ ಟಾಯ್ಲೆಟ್ ಇರಬೇಕು ಅನ್ನುವುದು ಆ ಮಾನ್ಯತೆಯ ಷರತ್ತು. ಸಣ್ಣ ಮಗುವಿನ ಜೊತೆ ಹೋಗುವವರಿಗೆ ಬೇಕಾದದ್ದು ಇವೇ ಅಲ್ವಾ? ಬೆಳಗ್ಗೆ ಏಳರಿಂದ ಒಂಬತ್ತು, ಸಂಜೆ ಐದರ ಮೇಲೆ ಮರಳಿಗೆ ಹೋಗಿ. ಮೇ ಕೊನೆಗೆ ಕಡಲು ಉಕ್ಕಲು ಶುರುವಾಗುತ್ತದೆ, ಮಳೆಗಾಲ ಜೂನ್ ಮೊದಲ ವಾರದಲ್ಲೇ ಕರಾವಳಿ ಮುಟ್ಟುವುದು ವಾಡಿಕೆ. ಆಗ ದಡದ ಅಲೆಗೂ ಮಗುವನ್ನು ಇಳಿಸಬೇಡಿ. ಇನ್ನೊಂದು ಲಾಭ ಇದೆ. ತುಳುನಾಡಿನ ಯಕ್ಷಗಾನ ಮೇಳಗಳು ಮೇ ಕೊನೆಯಲ್ಲಿ ಬರುವ ಪತ್ತನಾಜೆ ಅನ್ನುವ ದಿನ ತಿರುಗಾಟ ಮುಗಿಸುತ್ತವೆ. ಅದಕ್ಕೂ ಮುಂಚೆ ಹೋದರೆ ಸಂಜೆಯ ಆಟದ ಮೊದಲ ಒಂದು ಗಂಟೆ ತೋರಿಸಬಹುದು. ಚೆಂಡೆಯ ಸದ್ದಿಗೆ ಕೆಲವು ಮಕ್ಕಳು ಬೆಚ್ಚುತ್ತವೆ, ಹಿಂದಿನ ಸಾಲಿನಲ್ಲಿ ಕೂರಿ.

ಹೋಗುವ ದಾರಿಯೇ ಮಗುವಿಗೆ ಪ್ರವಾಸ. ಬೆಂಗಳೂರು–ಮಂಗಳೂರು ಹಗಲು ರೈಲಿನಲ್ಲಿ ಸಕಲೇಶಪುರ ದಾಟಿದಮೇಲೆ ಸುಬ್ರಹ್ಮಣ್ಯದವರೆಗೆ ಸುರಂಗದ ಮೇಲೆ ಸುರಂಗ. 2021ರಿಂದ ದೊಡ್ಡ ಗಾಜಿನ ವಿಸ್ಟಾಡೋಮ್ ಬೋಗಿಯೂ ಇದೆ. ರಜೆಯ ಟಿಕೆಟ್ ಬೇಗ ಖಾಲಿಯಾಗುತ್ತದೆ. ಬುಕಿಂಗ್ ಈಗ 60 ದಿನ ಮುಂಚೆ ತೆರೆಯುತ್ತದೆ, ದಿನ ನೋಡಿಕೊಂಡಿರಿ. ಐದು ವರ್ಷದೊಳಗಿನ ಮಗುವಿಗೆ ಬೇರೆ ಬರ್ತ್ ಬೇಡ ಅಂದರೆ ಟಿಕೆಟ್ ಬೇಕಿಲ್ಲ. ಐದು ತುಂಬಿದ ಮಗುವಿಗೆ ಬರ್ತ್ ಬೇಕೆಂದರೆ ಪೂರ್ತಿ ದರ. ರಾತ್ರಿ ಪ್ರಯಾಣವಾದರೆ ಆ ದುಡ್ಡು ಕೊಟ್ಟುಬಿಡಿ, ಇಬ್ಬರಿಗೂ ನಿದ್ದೆ ಬರುತ್ತದೆ.

ಮನೆಯಲ್ಲೇ ಇರುವ ದಿನಗಳು

ಏನೇ ಆರಿಸಿಕೊಂಡರೂ ರಜೆಯ ಹೆಚ್ಚಿನ ದಿನಗಳು ಮನೆಯಲ್ಲೇ ಕಳೆಯುತ್ತವೆ. ಅವನ್ನು ಖಾಲಿ ದಿನ ಅಂದುಕೊಳ್ಳಬೇಡಿ. ಮಧ್ಯಾಹ್ನಕ್ಕೆ ಬಚ್ಚಲಿನಲ್ಲಿ ಒಂದು ಟಬ್ ನೀರು, ನಾಲ್ಕು ಲೋಟ, ಒಂದು ಜರಡಿ ಕೊಟ್ಟು ಬಾಗಿಲಲ್ಲೇ ಕೂತಿರಿ. ಆಟ ಮುಗಿದಕೂಡಲೇ ಟಬ್ ಖಾಲಿ ಮಾಡಿ. ತೆಂಗಿನ ಚಿಪ್ಪಿನಲ್ಲಿ ಮಣ್ಣು ತುಂಬಿ ಮೆಂತ್ಯ ಹಾಕಿಸಿ, ಕೆಲವೇ ದಿನದಲ್ಲಿ ಮೊಳಕೆ ಕಾಣುತ್ತದೆ. ಚೌಕಾಬಾರ ಐದು ದಾಟಿದ ಮಗುವಿಗೆ ಎಣಿಕೆ ಕಲಿಸುತ್ತದೆ. ಅಳಗುಳಿ ಮಣೆ ಇದ್ದರೆ ಹೊರಗೆ ತೆಗೆಯಿರಿ. ಮೂರರ ಮಗು ಹುಣಸೆ ಬೀಜ, ಕವಡೆ ಬಾಯಿಗೆ ಹಾಕಿಕೊಳ್ಳಬಹುದು, ಎದುರಿಗೇ ಇರಬೇಕು.

ಮೇ ತಿಂಗಳಲ್ಲಿ ನಮ್ಮ ಮನೆಯ ಇಷ್ಟದ ಆಟ ಮಾವಿನಹಣ್ಣಿನದು. ಬಾದಾಮಿ, ರಸಪುರಿ, ಸೇಂದೂರ, ಮಲ್ಲಿಕಾ ಒಂದೊಂದು ತಂದು, ಕಣ್ಣು ಮುಚ್ಚಿ ಮೂಸಿ ಹೆಸರು ಹೇಳುವುದು. ಆಮೇಲೆ ಹೋಳು ತಿಂದು ಯಾವುದು ಜಾಸ್ತಿ ಸಿಹಿ ಅಂತ ತೀರ್ಮಾನ. ರಾಮನವಮಿಯ ಪಾನಕಕ್ಕೆ ಬೆಲ್ಲ ಕರಗಿಸುವುದು, ಮಜ್ಜಿಗೆ ಕಡೆಯುವುದು ಎಲ್ಲ ಮಗುವಿನ ಕೈಗೆ ಕೊಡಬಹುದಾದ ಕೆಲಸ. ಚೆಲ್ಲುತ್ತದೆ. ಒರೆಸುವುದನ್ನೂ ಕಲಿಸಿ.

ಇಬ್ಬರೂ ಕೆಲಸಕ್ಕೆ ಹೋಗುವ ಮನೆ

ಇಲ್ಲಿ ಹೊಂದಿಸುವುದು ನಿಜವಾಗಿ ಕಷ್ಟ, ಅದನ್ನು ಹಗುರ ಮಾಡಿ ಹೇಳಲಾರೆ. ನನಗೆ ಸರಿ ಕಂಡ ಜೋಡಣೆ ಹೀಗಿದೆ. ಎರಡು ಮೂರು ವಾರ ಊರು, ಅಪ್ಪ ಅಮ್ಮ ರಜೆಯನ್ನು ಹಂಚಿಕೊಂಡು. ಎರಡು ವಾರ ಬೆಳಗಿನ ಕ್ಯಾಂಪ್ ಅಥವಾ ಈಜು, ಎರಡೂ ಒಟ್ಟಿಗೆ ಬೇಡ. ಒಂದು ಪುಟ್ಟ ಪ್ರವಾಸ. ಉಳಿದದ್ದಕ್ಕೆ ಗೊತ್ತಿರುವ ಡೇಕೇರ್ ಅಥವಾ ಅಕ್ಕಪಕ್ಕದ ಮನೆಗಳ ಒಪ್ಪಂದ. ನಾಲ್ಕು ಮನೆಯವರು ಸೇರಿ ಒಬ್ಬೊಬ್ಬರು ವಾರಕ್ಕೊಂದು ದಿನ ಎಲ್ಲ ಮಕ್ಕಳನ್ನೂ ನೋಡಿಕೊಂಡರೆ ಮಕ್ಕಳಿಗೆ ಗೆಳೆಯರು ಸಿಗುತ್ತಾರೆ, ದೊಡ್ಡವರಿಗೆ ಮೂರು ದಿನ ಬಿಡುವು ಸಿಗುತ್ತದೆ. ಹಣದ ಕೈ ಬಿಗಿಯಿದ್ದರೆ ಕ್ಯಾಂಪನ್ನೂ ಪ್ರವಾಸವನ್ನೂ ಕೈಬಿಡಿ. ಊರು, ಈಜು, ಮುಂಜಾನೆಯ ಪಾರ್ಕು ಇಷ್ಟರಲ್ಲೇ ರಜೆ ತುಂಬುತ್ತದೆ.

ಯಾವ ಜೋಡಣೆಯಲ್ಲೂ ಮೇ ಕೊನೆಯ ವಾರವನ್ನು ಖಾಲಿ ಬಿಡಿ. ರಜೆಯಲ್ಲಿ ರಾತ್ರಿ ಹತ್ತೂವರೆಗೆ ಮಲಗಿದ ಮಗು ಶಾಲೆ ಶುರುವಾದ ದಿನ ಆರೂವರೆಗೆ ಏಳುವುದಿಲ್ಲ. ದಿನಕ್ಕೆ ಕಾಲು ಗಂಟೆಯಷ್ಟು ಮಲಗುವ ಹೊತ್ತನ್ನು ಹಿಂದಕ್ಕೆ ತನ್ನಿ. ಶೂ ಕಾಲಿಗೆ ಹಿಡಿಯುತ್ತದೆಯಾ ನೋಡಿ, ರಜೆಯಲ್ಲಿ ಪಾದ ಬೆಳೆದಿರುತ್ತದೆ. ರೇನ್‌ಕೋಟ್ ಕೂಡ ಈಗಲೇ ತೆಗೆದಿಡಿ.